ಲೆಕ್ಕಕ್ಕಿಲ್ಲ ಎಂದುಕೊಂಡವರು: ಚಿತ್ರಕಥೆ ಬರೆಯುವವರಿಗೊಂದು ಇತಿಹಾಸ ಪಾಠ



ಈ ಸಾಲಿನ ಭಿತ್ತಿಪತ್ರಿಕೆಗೆ ನಾಲ್ಕು ಪುಟದ ವೈಜ್ಞಾನಿಕ ಚಿತ್ರಕಥೆ ಬರೆಯಲು ನಿಮ್ಮಲ್ಲಿ ಹಲವರು ಹೆಸರು ಕೊಟ್ಟಿದ್ದೀರಿ. ಹೆಚ್ಚಿನವರು ಆರಿಸಿಕೊಂಡ ವಸ್ತು ಒಂದೇ. ಆಕಾಶದಿಂದ ಬಲಶಾಲಿ ಅನ್ಯಗ್ರಹವಾಸಿಗಳು ಬಂದಿಳಿಯುತ್ತಾರೆ, ಇಲ್ಲಿಯ ಜನ ಲೆಕ್ಕಕ್ಕೇ ಇಲ್ಲ ಎಂದುಕೊಳ್ಳುತ್ತಾರೆ, ಕೊನೆಗೆ ಅದೇ ಜನರ ಕೈಯಲ್ಲಿ ಸೋತು ಹೋಗುತ್ತಾರೆ. ವಸ್ತು ಹಳೆಯದಾದರೂ ಒಳ್ಳೆಯದೇ. ಆದರೆ ಕಥೆಯನ್ನು ಮುಗಿಸುವಾಗ ಎಲ್ಲರೂ ಒಂದೇ ಕಡೆ ಎಡವುತ್ತೀರಿ. ಊರಿನ ಹುಡುಗನ ಕೈಗೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಆಯುಧ ಬಂದುಬಿಡುತ್ತದೆ. ಆಗ ದಾಳಿಕಾರರು ಇಲ್ಲಿಯವರನ್ನು ಕೀಳಂದಾಜು ಮಾಡಿದ್ದರಿಂದ ಸೋತಂತಾಗುವುದಿಲ್ಲ, ಅವರಿಗಿಂತ ದೊಡ್ಡ ಆಯುಧ ಇಲ್ಲಿ ಸಿಕ್ಕಿದ್ದರಿಂದ ಸೋತಂತಾಗುತ್ತದೆ. ಅದು ಬೇರೆಯೇ ಕಥೆ.

ನಾನು ಇತಿಹಾಸ ಪಾಠ ಮಾಡುವವನು. ಚಿತ್ರ ಬಿಡಿಸಲು ನನಗೆ ಬರುವುದಿಲ್ಲ. ಆದರೆ ಬಲಶಾಲಿಯೊಬ್ಬ ತಾನು ಕಡೆಗಣಿಸಿದವರ ಮುಂದೆ ಹೇಗೆ ಸೋಲುತ್ತಾನೆ ಎಂಬುದಕ್ಕೆ ನಮ್ಮ ಶಿರಾ ಸೀಮೆಯಲ್ಲೇ ನಡೆದ ಒಂದು ನಿಜ ಪ್ರಸಂಗವಿದೆ. ಪೆನ್ಸಿಲ್ ಹಿಡಿಯುವ ಮುನ್ನ ಅದನ್ನು ಓದಿಕೊಳ್ಳಿ ಎಂದು ಈ ಪಾಠ ಬರೆದಿದ್ದೇನೆ.

ಮೊದಲು ಕಥೆಯ ಮೂಲ

ಇಂಥ ಕಥೆಗಳಿಗೆಲ್ಲ ಹಿರಿಯಣ್ಣನಂತಿರುವುದು ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. 1955ರಲ್ಲಿ ಅದು ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಮಾಲೆಯಲ್ಲಿ ಚಿತ್ರಕಥೆಯಾಗಿಯೂ ಬಂತು. ಮಂಗಳ ಗ್ರಹದವರು ಮೂರು ಕಾಲಿನ ಯಂತ್ರಗಳಲ್ಲಿ ಬಂದು ಲಂಡನ್ ಸುತ್ತಮುತ್ತ ಸುಟ್ಟು ಹಾಕುತ್ತಾರೆ. ಬ್ರಿಟಿಷರ ಫಿರಂಗಿಗಳು ಅವರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೊನೆಗೆ ಅವರನ್ನು ಕೊಲ್ಲುವುದು ಬ್ಯಾಕ್ಟೀರಿಯಾ. ನಮ್ಮ ದೇಹಕ್ಕೆ ಅಭ್ಯಾಸವಾಗಿದ್ದ ಸೂಕ್ಷ್ಮಜೀವಿಗಳನ್ನು ಎದುರಿಸುವ ಶಕ್ತಿ ಅವರ ದೇಹಕ್ಕಿರಲಿಲ್ಲ.

ಜೀವಶಾಸ್ತ್ರ ಓದುವವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಮನುಷ್ಯರಿಗೆ ಆ ರೋಗನಿರೋಧಕ ಶಕ್ತಿ ಪುಕ್ಕಟೆಯಾಗಿ ಬಂದದ್ದಲ್ಲ. ಎಷ್ಟೋ ತಲೆಮಾರು ಕಾಯಿಲೆ ಬಿದ್ದು, ಎಷ್ಟೋ ಜನ ಸತ್ತು, ಉಳಿದವರ ದೇಹ ಕಲಿತ ಪಾಠ ಅದು. ಒಂದು ನೆಲದಲ್ಲಿ ಬಾಳುವವರ ಬಲ ಹೆಚ್ಚಾಗಿ ಹೀಗೆಯೇ ಬಂದಿರುತ್ತದೆ, ಅವರು ಪಟ್ಟ ಕಷ್ಟದಿಂದ. ಹೊರಗಿನಿಂದ ನೋಡಿದವನಿಗೆ ಕಷ್ಟ ಕಾಣುತ್ತದೆ, ಅದರೊಳಗಿನ ಕಲಿಕೆ ಕಾಣುವುದಿಲ್ಲ. ವೆಲ್ಸ್ ತನ್ನ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನವರು ಮಾಡಿದ್ದನ್ನು ನೆನಪಿಸುತ್ತಾನೆ. ಮಂಗಳದವರನ್ನು ದೂರುವ ಮೊದಲು ನಾವು ಏನು ಮಾಡಿದ್ದೇವೆ ನೋಡಿಕೊಳ್ಳೋಣ ಎಂಬುದು ಅವನ ಆಶಯ. ಪ್ರಪಂಚದ ದೊಡ್ಡದೊಂದು ಭಾಗವನ್ನು ಬ್ರಿಟನ್ ಆಳುತ್ತಿದ್ದ ಕಾಲದಲ್ಲಿ ಬ್ರಿಟಿಷ್ ಓದುಗರಿಗೇ ಅವನು ಹೇಳಿದ ಮಾತು ಇದು.

ನಿಮ್ಮಲ್ಲಿ ಹಲವರಿಗೆ ಇದನ್ನು ಓದುವಾಗ ಸೂರಾ ಅಲ್-ಫೀಲ್ ನೆನಪಾಗಬಹುದು. ಆನೆಗಳ ಬಲ ನಂಬಿ ಮಕ್ಕಾದ ಮೇಲೆ ಏರಿ ಬಂದ ಅಬ್ರಹಾನ ಸೇನೆ ಹಕ್ಕಿಗಳು ಎಸೆದ ಕಲ್ಲುಗಳಿಂದ ನಾಶವಾದ ಪ್ರಸಂಗ ಅದು. ಅಲ್ಲಿ ಕಾಪಾಡಿದವನು ಅಲ್ಲಾಹನು. ಅದನ್ನು ಕಥೆ ಕಟ್ಟುವ ತಂತ್ರವೆಂದು ಓದಬಾರದು, ಅದು ಚಿತ್ರ ಬಿಡಿಸುವ ವಸ್ತುವೂ ಅಲ್ಲ. ಆದರೆ ತನ್ನ ಬಲವನ್ನು ಎಣಿಸಿಕೊಂಡು ಬೀಗಿದವನ ಗತಿ ಏನಾಗುತ್ತದೆ ಎಂಬ ಎಚ್ಚರಿಕೆ ನಮಗೆ ಹೊಸದೇನಲ್ಲ ಎಂದಷ್ಟೇ ಹೇಳುತ್ತೇನೆ.

ದೊಡ್ಡೇರಿ, 1695

ಈಗ ನಮ್ಮ ಸೀಮೆಗೆ ಬರೋಣ. ಮೊಘಲ್ ಚಕ್ರವರ್ತಿ ಔರಂಗಜೇಬ್ 1686ರಲ್ಲಿ ಬಿಜಾಪುರವನ್ನು ಗೆದ್ದ. ಮರುವರ್ಷ ಅವನ ಸೇನಾನಿ ಖಾಸಿಂ ಖಾನ್ ಈ ಕಡೆ ಬಂದು ತುಮಕೂರು, ಬೆಂಗಳೂರು ಪ್ರದೇಶಗಳನ್ನು ಹಿಡಿದ. ಬೆಂಗಳೂರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಕೊಟ್ಟುಬಿಟ್ಟದ್ದೂ ಆಗಲೇ. ಶಿರಾ ಹೊಸ ಮೊಘಲ್ ಸುಬಾದ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಈ ಏಳು ಪರಗಣೆಗಳು ನೇರವಾಗಿ ಅದಕ್ಕೆ ಸೇರಿದ್ದವು. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರು ಮೊದಲಾದವು ಕಪ್ಪ ಕೊಡಬೇಕಾದ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಶಿರಾದ ಲೆಕ್ಕಪುಸ್ತಕದಲ್ಲಿ ಚಿತ್ರದುರ್ಗದ ನಾಯಕ ಬರಬೇಕಾದ ಹಣದ ಒಂದು ಬಾಬ್ತು. ಇದನ್ನು ನೆನಪಿಟ್ಟುಕೊಳ್ಳಿ.

1695ರ ನವೆಂಬರ್ ಹೊತ್ತಿಗೆ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ ಕೊಳ್ಳೆಯ ಸಾಮಾನು ಹೇರಿಕೊಂಡು ಈ ಪ್ರದೇಶದ ಮೂಲಕ ಹಾದು ಹೋಗುತ್ತಿದ್ದ. ಅವನನ್ನು ತಡೆಯುವಂತೆ ಚಕ್ರವರ್ತಿಯಿಂದ ಖಾಸಿಂ ಖಾನನಿಗೆ ಅಪ್ಪಣೆ ಬಂತು. ನೆರವಿಗೆ ಆಸ್ಥಾನದಿಂದ ಖಾನಾಜಾದ್ ಖಾನ್ ಮೊದಲಾದ ದೊಡ್ಡ ಸರದಾರರು ಬಂದರು. ಖಾಸಿಂ ಖಾನ್ ಏನು ಮಾಡಿದ ಗೊತ್ತೇ? ಬಂದ ಸರದಾರರಿಗೆ ತನ್ನ ಅಂತಸ್ತಿಗೆ ತಕ್ಕ ಔತಣ ಕೊಡಬೇಕೆಂದು ಆದೋನಿ ಕೋಟೆಯಿಂದ ಚಿನ್ನ, ಬೆಳ್ಳಿ, ಪಿಂಗಾಣಿ ಪಾತ್ರೆಗಳನ್ನೂ ವೈಭವದ ಡೇರೆಗಳನ್ನೂ ತರಿಸಿದ. ಆ ಡೇರೆಗಳನ್ನು ಸೇನೆಗಿಂತ ಕೆಲವು ಮೈಲಿ ಮುಂದಕ್ಕೆ ಕಳಿಸಿದ. ಶತ್ರು ಎಲ್ಲಿದ್ದಾನೆಂದು ಪೂರ್ತಿ ತಿಳಿಯುವ ಮೊದಲೇ ಊಟದ ಏರ್ಪಾಟು ಮುಂದೆ ಹೋಯಿತು.

ಸಂತಾಜಿ ತನ್ನ ಸೇನೆಯನ್ನು ಮೂರು ಭಾಗ ಮಾಡಿದ. ಒಂದು ಭಾಗ ಮುಂದೆ ಹೋದ ಡೇರೆಗಳ ಮೇಲೆ ಬಿತ್ತು. ಇನ್ನೊಂದು ಭಾಗ, ಆ ಸುದ್ದಿ ಕೇಳಿ ಧಾವಿಸಿ ಬಂದ ಮೊಘಲ್ ಸೇನೆಯನ್ನು ಎದುರಿಸಿ ನಿಲ್ಲಿಸಿತು. ಮೂರನೆಯದನ್ನು ಅವನು ಯಾರಿಗೂ ಕಾಣದಂತೆ ಹಿಂದೆ ಇಟ್ಟುಕೊಂಡಿದ್ದ. ಇಬ್ಬರ ಕಾದಾಟ ಜೋರಾಗಿದ್ದಾಗ ಆ ಮೂರನೆಯ ಭಾಗ ಸುತ್ತು ಹಾಕಿ ಹೋಗಿ ಕಾವಲಿಲ್ಲದ ಮೊಘಲ್ ಪಾಳೆಯವನ್ನೇ ದೋಚಿತು. ಮದ್ದುಗುಂಡಿನ ದಾಸ್ತಾನು ಇದ್ದದ್ದು ಅಲ್ಲಿ. ಸೈನಿಕರು ಮೈಮೇಲೆ ಹೊತ್ತಿದ್ದ ಮದ್ದು ಖರ್ಚಾದ ಮೇಲೆ ಅವರ ಬಂದೂಕುಗಳು ಬರಿಯ ಕೋಲುಗಳಾದವು.

ಈ ಕಾಳಗದಲ್ಲಿ ಸಂತಾಜಿಯ ಜೊತೆ ಚಿತ್ರದುರ್ಗದ ಭರಮಣ್ಣ ನಾಯಕನ ಕಾಲಾಳುಗಳೂ ಸೇರಿಕೊಂಡರು. ಕುದುರೆಯಿಲ್ಲದ, ಪದವಿಯಿಲ್ಲದ ಈ ನಾಡಿನ ಬಂದೂಕುಗಾರರು ಅವರು. ಅವರ ಗುರಿ ಎಷ್ಟು ಚೆನ್ನಾಗಿತ್ತೆಂಬುದನ್ನು ಮೊಘಲರ ಪಕ್ಷದ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. ಕಪ್ಪದ ಬಾಬ್ತು ಎಂದುಕೊಂಡಿದ್ದ ನಾಯಕ ರಣರಂಗಕ್ಕೆ ಬಂದಿದ್ದ.

ಮೊಘಲ್ ಸೇನೆ ಹಿಮ್ಮೆಟ್ಟಿ ಹತ್ತಿರದ ದೊಡ್ಡೇರಿಯ ಸಣ್ಣ ಕೋಟೆಯನ್ನು ಸೇರಿತು. ದೊಡ್ಡೇರಿ ಈಗಿನ ಚಳ್ಳಕೆರೆ ತಾಲ್ಲೂಕಿನಲ್ಲಿದೆ, ಶಿರಾ ಪಾವಗಡದವರಿಗೆ ದೂರವೇನಲ್ಲ. ಅಷ್ಟು ಜನಕ್ಕೆ ಸಾಕಾಗುವ ಧಾನ್ಯ ಅಂಥ ಕೋಟೆಯಲ್ಲಿ ಎಲ್ಲಿರಬೇಕು? ಹೊರಗೆ ಸುತ್ತುಗಟ್ಟಿದ ಶತ್ರು, ಒಳಗೆ ಹಸಿವು. ಖಾಸಿಂ ಖಾನ್ ಆ ಕೋಟೆಯಲ್ಲೇ ಸತ್ತ. ಅಭ್ಯಾಸವಾಗಿದ್ದ ಅಫೀಮು ಸಿಗದೆ ಸತ್ತನೆಂದು ಕೆಲವರು, ಅವಮಾನ ತಾಳದೆ ವಿಷ ಕುಡಿದನೆಂದು ಕೆಲವರು ಬರೆದಿದ್ದಾರೆ. ಉಳಿದವರ ಪರವಾಗಿ ಖಾನಾಜಾದ್ ಖಾನ್ ಶರಣಾಗಿ, ಆನೆ, ಕುದುರೆ, ಸಾಮಾನುಗಳನ್ನೆಲ್ಲ ಬಿಟ್ಟುಕೊಟ್ಟು, ಲಕ್ಷಗಟ್ಟಲೆ ರೂಪಾಯಿ ಒಪ್ಪಿಕೊಂಡು ಹೊರಬಂದ. ಹಸಿದು ಹೊರಬಂದ ಸೈನಿಕರಿಗೆ ಮರಾಠರು ರೊಟ್ಟಿ, ನೀರು ಕೊಟ್ಟರೆಂದು ಇತಿಹಾಸ ಹೇಳುತ್ತದೆ.

ಏನನ್ನು ಎಣಿಸಲಿಲ್ಲ?

ಈಗ ಪಾಠದ ಮುಖ್ಯ ಭಾಗ. ಖಾಸಿಂ ಖಾನ್ ದಡ್ಡನಾಗಿರಲಿಲ್ಲ. ಎಂಟು ವರ್ಷ ಶಿರಾ ಸೀಮೆಯನ್ನು ನಿಭಾಯಿಸಿದವನು. ಅವನು ಎಣಿಕೆಯನ್ನೂ ಮಾಡಿದ್ದ. ಆದರೆ ಎಣಿಸಿದ್ದು ತನ್ನಂತೆಯೇ ಇರುವುದನ್ನು ಮಾತ್ರ: ಎಷ್ಟು ಕುದುರೆ, ಎಷ್ಟು ಸರದಾರರು, ಯಾರ ಅಂತಸ್ತು ಎಷ್ಟು. ಅವನ ಪಟ್ಟಿಯಲ್ಲಿ ಮೂರು ವಿಷಯ ಇರಲಿಲ್ಲ. ಕಣ್ಣಿಗೆ ಬೀಳದ ಶತ್ರುವಿನ ಮೂರನೆಯ ಭಾಗ ಒಂದು. ಸ್ಥಳೀಯ ನಾಯಕನ ಮನಸ್ಸು ಮತ್ತು ಅವನ ಕಾಲಾಳುಗಳ ಗುರಿ ಇನ್ನೊಂದು. ಒಂದು ಸಣ್ಣ ಕೋಟೆಯ ಕಣಜ ಎಷ್ಟು ದಿನ ಅನ್ನ ಕೊಡುತ್ತದೆ ಎಂಬ ಸರಳ ಲೆಕ್ಕ ಮೂರನೆಯದು. ಈ ಮೂರನೆಯದನ್ನು ಆ ಸೀಮೆಯ ಯಾವ ಗೃಹಿಣಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಅವನು ಕೇಳಲಿಲ್ಲ.

ಚಿತ್ರದುರ್ಗದ ಒನಕೆ ಓಬವ್ವನ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಹೈದರಾಲಿಯ ಸೇನೆ ಕೋಟೆಯನ್ನು ಮುತ್ತಿದ್ದಾಗ ಬಂಡೆಗಳ ನಡುವಿನ ಕಿಂಡಿಯಿಂದ ಸೈನಿಕರು ಒಬ್ಬೊಬ್ಬರಾಗಿ ನುಸುಳಿದರು. ಕಾವಲಿನವನು ಊಟಕ್ಕೆ ಹೋದ ಹೊತ್ತನ್ನು ಅವರು ಸರಿಯಾಗಿ ಎಣಿಸಿದ್ದರು. ಅವನ ಹೆಂಡತಿ ನೀರಿಗೆ ಬರುವ ಹೊತ್ತನ್ನು ಎಣಿಸಿರಲಿಲ್ಲ. ಓಬವ್ವನ ಕೈಯಲ್ಲಿದ್ದದ್ದು ಅಡುಗೆಮನೆಯ ಒನಕೆ. ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನಷ್ಟೇ ಬರಬಹುದು ಎಂಬ ತಿಳಿವಳಿಕೆಯೇ ಅವಳ ನಿಜವಾದ ಆಯುಧ. 1770ರಲ್ಲಿ ಪೇಶ್ವೆ ಮಾಧವರಾಯನ ದೊಡ್ಡ ಸೇನೆಯನ್ನು ದಾಬಸ್‌ಪೇಟೆ ಬಳಿಯ ನಿಜಗಲ್ಲಿನ ಪುಟ್ಟ ಬೆಟ್ಟದ ಕೋಟೆ ಬಹುಕಾಲ ತಡೆದು ನಿಲ್ಲಿಸಿತು. ಕೊನೆಗೆ ಅದನ್ನು ಹತ್ತಿದವರು ಬೆಟ್ಟ ಹತ್ತಿ ಬಲ್ಲ ಚಿತ್ರದುರ್ಗದ ಬೇಡ ಸೈನಿಕರು.

ಸ್ಥಳೀಯ ಯಾರು?

ಇಲ್ಲಿಗೆ ಪಾಠ ಮುಗಿಸಬಹುದಿತ್ತು. ಆದರೆ ನಮ್ಮ ಕಾಲೇಜಿನಲ್ಲಿ ಓದುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ಇಂಥ ಪ್ರಸಂಗಗಳನ್ನು ತರಗತಿಯಲ್ಲಿ ಓದುವಾಗ ಕೆಲವರು ಎದೆಯುಬ್ಬಿಸುತ್ತಾರೆ, ಕೆಲವರು ತಲೆ ತಗ್ಗಿಸುತ್ತಾರೆ. ಖಾಸಿಂ ಖಾನ್ ಎಂಬ ಹೆಸರು ಕೇಳಿದ ಕೂಡಲೇ ತನ್ನನ್ನೇ ದಾಳಿಕಾರರ ಸಾಲಿಗೆ ಸೇರಿಸಿಬಿಟ್ಟರು ಎಂದು ಒಳಗೊಳಗೇ ಕುಗ್ಗುವ ಹುಡುಗರಿದ್ದಾರೆ. ಎರಡೂ ಬೇಡ. ದಾಖಲೆ ಹಾಗೆ ಹೇಳುವುದಿಲ್ಲ.

ನೋಡಿ: ಮೊಘಲರು ಈ ಕಡೆ ಬಂದದ್ದು ಬಿಜಾಪುರದ ಆದಿಲ್‌ಶಾಹಿಗಳನ್ನು ಸೋಲಿಸಿ. ಅವರೂ ಮುಸ್ಲಿಮರೇ. 1695ರಲ್ಲಿ ಚಿತ್ರದುರ್ಗ ಮರಾಠರ ಜೊತೆಗೆ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಹೋದಾಗ ಚಿತ್ರದುರ್ಗ ಅವನ ಜೊತೆಗೆ. 1770ರಲ್ಲಿ ಮತ್ತೆ ಮರಾಠರ ಜೊತೆಗೆ. 1779ರಲ್ಲಿ ಅದೇ ಚಿತ್ರದುರ್ಗವನ್ನು ಹೈದರಾಲಿ ಗೆದ್ದ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆಯಿಟ್ಟದ್ದು ನಮ್ಮ ಮಧುಗಿರಿ ಕೋಟೆಯಲ್ಲಿ, 1767ರಲ್ಲಿ ಅವಳನ್ನು ಬಿಡಿಸಿದ್ದು ಮರಾಠರು. ಇದು ರಾಜ್ಯಗಳ ಜಗಳ. ಪಕ್ಷಗಳು ಮಳೆಗಾಲದ ಹಳ್ಳದಂತೆ ದಿಕ್ಕು ಬದಲಿಸುತ್ತಿದ್ದವು. ಇಲ್ಲಿ ಒಂದು ಮತ ಇನ್ನೊಂದು ಮತದ ಮೇಲೆ ದಾಳಿ ಮಾಡಿತು ಎಂದು ಬರೆದರೆ ಲೆಕ್ಕ ಹೊಂದುವುದಿಲ್ಲ.

ಇನ್ನು ಶಿರಾ. ಕೋಟೆಯನ್ನು ಕಟ್ಟಲು ತೊಡಗಿದವನು ರತ್ನಗಿರಿಯ ರಂಗಪ್ಪ ನಾಯಕ. ಅದು ಮುಗಿದದ್ದು ಬಿಜಾಪುರದವರ ಕಾಲದಲ್ಲಿ. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿ 1651ರದು. ಕೆತ್ತಿದ ಕಲ್ಲಿನ ಜುಮ್ಮಾ ಮಸೀದಿ 1696ರದು, ಅಂದರೆ ದೊಡ್ಡೇರಿಯ ಸೋಲಿನ ಮರುವರ್ಷದ್ದು. ಆ ಕಲ್ಲು ನಮ್ಮ ಬೆಟ್ಟಗಳದು. ಮುಂದೆ ಶಿರಾದ ಸುಬೇದಾರರ ಬಳಿ ಚಾಕರಿ ಮಾಡಿದ ಫತೇ ಮುಹಮ್ಮದನ ಮಗ ಹೈದರಾಲಿ. ಅವನು ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ. ಹೊರಗಿನಿಂದ ಬಂದವರ ಅಧಿಕಾರ ಹೋಯಿತು. ಮಕ್ಕಳು, ಮೊಮ್ಮಕ್ಕಳು ಇಲ್ಲೇ ಉಳಿದು ಇಲ್ಲಿಯ ರಾಗಿ ತಿಂದು, ಇಲ್ಲಿಯ ಬರವನ್ನು ಉಂಡು ಇಲ್ಲಿಯವರಾದರು.

ಹಾಗಾದರೆ ಸ್ಥಳೀಯ ಎಂದರೆ ಯಾರು? ಈ ಕಥೆಗಳು ಕೊಡುವ ಉತ್ತರ ಸರಳ. ಆ ನೆಲದ ನೀರು, ದಾರಿ, ಹಸಿವು, ಹವೆ ಯಾರಿಗೆ ಗೊತ್ತೋ, ಅದರ ಕಷ್ಟದಲ್ಲಿ ಯಾರಿಗೆ ಪಾಲಿದೆಯೋ ಅವರು ಸ್ಥಳೀಯರು. ದಾಳಿಕಾರ ಎಂದರೆ ಕೇಳದೆ ಬಂದವನಷ್ಟೇ ಅಲ್ಲ, ಬಂದ ಮೇಲೂ ಇಲ್ಲಿಯವರ ಮಾತು ಕೇಳದವನು. ನಿಮ್ಮ ಚಿತ್ರಕಥೆಯಲ್ಲಿ ಈ ಗೆರೆಯನ್ನು ಸರಿಯಾಗಿ ಎಳೆಯಿರಿ. ಅನ್ಯಗ್ರಹವಾಸಿಗೆ ಯಾವುದೋ ಒಂದು ಜನರ ಗಡ್ಡ, ಉಡುಪು, ಭಾಷೆ ಅಂಟಿಸಿದರೆ ಅದು ವಿಜ್ಞಾನ ಕಥೆಯಾಗುವುದಿಲ್ಲ, ನೆರೆಯವನ ಮೇಲಿನ ಚಾಡಿಯಾಗುತ್ತದೆ.

ಒಂದು ಮಾದರಿ: ಪಾವಗಡದ ಕೆರೆ

ಹೇಳಿದ್ದನ್ನೆಲ್ಲ ಒಂದು ಮಾದರಿಯಲ್ಲಿ ತೋರಿಸುತ್ತೇನೆ. ನಾಲ್ಕು ಪುಟ, ಪುಟಕ್ಕೆ ಆರು ಚೌಕ, ಒಟ್ಟು 24 ಚೌಕ. ಮಾತು ಕಡಿಮೆ ಇರಲಿ.

ಮೊದಲ ಪುಟ. ನೀರು ಹುಡುಕಿಕೊಂಡು ಬಂದ ಅನ್ಯಗ್ರಹದ ನೌಕೆ ಪಾವಗಡದ ಮೇಲೆ ಹಾರುತ್ತದೆ. ಕೆಳಗೆ ದೊಡ್ಡ ನೀಲಿ ಕೆರೆ ಹೊಳೆಯುತ್ತಿದೆ. ಅದು ಕೆರೆಯಲ್ಲ, ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್. ಸುಮಾರು 13 ಸಾವಿರ ಎಕರೆಯಲ್ಲಿ ಹರಡಿದ, 2 ಸಾವಿರ ಮೆಗಾವಾಟ್‌ಗೂ ಹೆಚ್ಚು ಸಾಮರ್ಥ್ಯದ ಸೌರ ಫಲಕಗಳು. ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟು ನಿಂತ ಯೋಜನೆ ಅದು. ನೌಕೆಯ ಯಂತ್ರ ವರದಿ ಕೊಡುತ್ತದೆ: ನೀರು ಅಪಾರ, ಸೈನ್ಯ ಇಲ್ಲ, ಜನ ಲೆಕ್ಕಕ್ಕಿಲ್ಲ.

ಎರಡನೆಯ ಪುಟ. ಇಳಿದು ನೋಡಿದರೆ ಹನಿ ನೀರಿಲ್ಲ. ಕೋಪಗೊಂಡ ನಾಯಕ ಹಳ್ಳಿಗೆ ನುಗ್ಗಿ ಒಂದು ಹಳೆಯ ಬೋರ್‌ವೆಲ್ ವಶಪಡಿಸಿಕೊಳ್ಳುತ್ತಾನೆ. ಕಟ್ಟೆಯ ಮೇಲೆ ಕುಳಿತ ಮುದುಕಿ ಹೇಳುತ್ತಾಳೆ: "ಆ ನೀರು ಕುಡೀಬೇಡ ಕಣಪ್ಪ." ಅವಳ ಮೊಮ್ಮಗಳು, ಪಿಯುಸಿ ಓದುವವಳು, ಕಾರಣ ವಿವರಿಸುತ್ತಾಳೆ: ಇದರಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹೆಚ್ಚಾದರೆ ಮೂಳೆಯಲ್ಲಿ ಸೇರಿಕೊಂಡು ಕೀಲು ಬಿಗಿಯುತ್ತದೆ.

ಮೂರನೆಯ ಪುಟ. ದಾಳಿಕಾರರು ನಗುತ್ತಾರೆ. ನೀರು ಉಳಿಸಿಕೊಳ್ಳಲು ಮುದುಕಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಸಾವಿರಾರು ಲೀಟರ್ ಹೀರುತ್ತಾರೆ. ನಮ್ಮಲ್ಲಿ ವರ್ಷಗಟ್ಟಲೆ ಕುಡಿದು ಬರುವ ತೊಂದರೆ, ಅಷ್ಟು ಹೀರುವ ಅವರ ಕ್ಯಾಲ್ಸಿಯಂ ಕವಚದ ಮೈಗೆ ಒಂದೇ ರಾತ್ರಿಯಲ್ಲಿ ಬರುತ್ತದೆ. ಕ್ಯಾಲ್ಸಿಯಂ ಜೊತೆ ಫ್ಲೋರೈಡ್ ಸೇರಿದರೆ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ ಎಂಬುದು ನಿಮ್ಮ ರಸಾಯನಶಾಸ್ತ್ರದ ಪಾಠ. ಬೆಳಿಗ್ಗೆ ನೋಡಿದರೆ ಕೈಕಾಲು ಮಡಿಸಲಾಗದೆ ಎಲ್ಲರೂ ಮರದ ಬೊಂಬೆಗಳಂತೆ ನಿಂತಿದ್ದಾರೆ.

ನಾಲ್ಕನೆಯ ಪುಟ. ಮುದುಕಿ ತನ್ನ ಬಗ್ಗಿದ ಮೊಣಕಾಲನ್ನು ಊರಿಕೊಂಡು ನಿಧಾನವಾಗಿ ಎದ್ದು ಬರುತ್ತಾಳೆ. ಅವಳಿಗೆ ಆ ನೀರು ಹೇಗೆ ಗೊತ್ತಾಯಿತು ಎಂಬುದಕ್ಕೆ ಆ ಮೊಣಕಾಲೇ ಉತ್ತರ, ಬೇರೆ ಮಾತು ಬೇಡ. ಕೊನೆಯ ಚೌಕದಲ್ಲಿ ಅವಳು ಮೊಮ್ಮಗಳ ಕೈಗೆ ಐದು ರೂಪಾಯಿ ನಾಣ್ಯ ಕೊಟ್ಟು ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತರಲು ಹೇಳುತ್ತಾಳೆ. ಬಾಯಾರಿದವರಿಗೆ ಕೊಡಲು.

ಈ ಕಥೆಯಲ್ಲಿ ಯಾರ ಕೈಯಲ್ಲೂ ಆಯುಧವಿಲ್ಲ. ದಾಳಿಕಾರರಿಗೆ ಎಚ್ಚರಿಕೆ ಸಿಕ್ಕಿತ್ತು, ಹೇಳಿದವಳು ಅವರ ಲೆಕ್ಕದಲ್ಲಿರಲಿಲ್ಲ. ಕೀಳಂದಾಜು ಎಂದರೆ ಇದು. ಮುದುಕಿಗೆ ಹೆಸರು ನೀವೇ ಇಡಿ. ನಾನಿಮಾ ಎಂದು ಕರೆಯಿರಿ, ತಿಮ್ಮಕ್ಕ ಎಂದು ಕರೆಯಿರಿ, ಮೊಣಕಾಲಿನ ನೋವು ಬದಲಾಗುವುದಿಲ್ಲ.

ಅಭ್ಯಾಸ

ನಿಮ್ಮ ಚಿತ್ರಕಥೆಯನ್ನು ಒಪ್ಪಿಸುವ ಮೊದಲು ಒಂದು ಹಾಳೆಯಲ್ಲಿ ಈ ಪ್ರಶ್ನೆಗಳಿಗೆ ಒಂದೊಂದು ವಾಕ್ಯದ ಉತ್ತರ ಬರೆದು ಜೊತೆಗೆ ಕೊಡಿ.

1. ದಾಳಿಕಾರರು ಏನನ್ನು ಎಣಿಸಿದರು? ಏನನ್ನು ಎಣಿಸದೆ ಬಿಟ್ಟರು?
2. ಬಿಟ್ಟದ್ದು ಮೊದಲ ಪುಟದಲ್ಲೇ ಓದುಗರ ಕಣ್ಣಿಗೆ ಬಿದ್ದಿದೆಯೇ? ಕೊನೆಯಲ್ಲಿ ಹೊಸದಾಗಿ ತಂದರೆ ಒಪ್ಪುವುದಿಲ್ಲ.
3. ಸ್ಥಳೀಯರಿಗೆ ಆ ತಿಳಿವಳಿಕೆ ಯಾವ ಕಷ್ಟದಿಂದ ಬಂತು?
4. ಕಥೆಯಲ್ಲಿ ಬಳಸಿದ ವಿಜ್ಞಾನದ ಅಂಶ ಯಾವುದು? ಎಷ್ಟು ನಿಜ, ಎಷ್ಟು ಕಲ್ಪನೆ?
5. ಸೋತವರನ್ನು ಕೊನೆಯಲ್ಲಿ ಹೇಗೆ ನಡೆಸಿಕೊಂಡಿರಿ?

ಐದನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ದೊಡ್ಡೇರಿಯಲ್ಲಿ ಹಸಿದವರಿಗೆ ಸಿಕ್ಕ ರೊಟ್ಟಿಯನ್ನು ನೆನಪಿಡಿ. ಶಿರಾದವರು ಮಲಿಕ್ ರಿಹಾನ್ ದರ್ಗಾ ಮತ್ತು ಕೋಟೆಯ ಗೋಡೆ, ಮಧುಗಿರಿಯವರು ಏಕಶಿಲಾ ಬೆಟ್ಟ, ಕೊರಟಗೆರೆಯವರು ಜಯಮಂಗಲಿ ನದಿಯ ಪಾತ್ರ, ಪಾವಗಡದವರು ಶೇಂಗಾ ಹೊಲ ಮತ್ತು ಸೌರ ಫಲಕಗಳನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಿಮ್ಮ ಕಥೆಯ ದಾಳಿಕಾರರು ಮಾಡದೆ ಬಿಟ್ಟ ಕೆಲಸ ಅದೇ.